ಮಾಸ್ತರರ ಸೆಟ್ಟಿಂಗ್

ಧಾರವಾಡದ ಒಂದು ತರಬೇತಿ ಕೇಂದ್ರದಲ್ಲಿ ಗುರುಪಾದಪ್ಪ ಮಾಸ್ತರರು ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದಲೇ ಅವರ ಕೆಲಸವೆಲ್ಲ ನಡೆಯುತ್ತಿತ್ತು. ಅವರು ಟೈಪ್ ಮಾಡಲು ಕೂತರೆ ಕೀಲಿಗಳು ಪಟಪಟ ಎನ್ನುತ್ತಿದ್ದವು, ತಂತ್ರಾಂಶ ಮಾತ್ರ ಹೆಚ್ಚು ಮಾತಾಡುತ್ತಿರಲಿಲ್ಲ.

ಅವರ ಶಿಷ್ಯೆ ದಾನೇಶ್ವರಿಗೆ ಇದೇ ಕುತೂಹಲ. ಅವಳ ಕಂಪ್ಯೂಟರೋ, ಕೀಲಿ ಒತ್ತಿದಾಗಲೆಲ್ಲ ಆ ಅಕ್ಷರವನ್ನು ಕೂಗಿ ಹೇಳುತ್ತಿತ್ತು. ಮಾಸ್ತರರದು ಯಾಕೆ ಸುಮ್ಮನಿರುತ್ತದೆ? ಅವರ ಬೆರಳು ಅಷ್ಟು ಬೇಗ ಹೇಗೆ ಓಡುತ್ತದೆ? ಕೇಂದ್ರದ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಖಾಲಿಯಿತ್ತು, ಮರುದಿನವೇ ಪರೀಕ್ಷೆ. ಅದು ಸಿಗದಿದ್ದರೆ ಅವಳು ಊರಿಗೆ ಮರಳಿ ಅಣ್ಣನ ಮನೆಯಲ್ಲಿ ಸುಮ್ಮನೆ ಕೂರಬೇಕಿತ್ತು.

"ಸರ, ನಿಮ್ಮ ಕೀಬೋರ್ಡಿಗೆ ಏನೇನ್ ಸೆಟ್ಟಿಂಗ್ ಇಟ್ಟೀರಿ?" ಎಂದು ಕೇಳಿಯೇಬಿಟ್ಟಳು.

"ನನ್ನದು ತಗೊಂಡು ನೀ ಏನ್ ಮಾಡ್ತಿ, ತಂಗಿ? ನಿನ್ನ ಬೆರಳಿಗೆ ಏನ್ ಬೇಕು, ಅದನ್ನ ಕೇಳು," ಎಂದರು ಮಾಸ್ತರರು.

ಬೆರಳನ್ನು ಕೇಳುವುದೆಂದರೇನು? ಅವಳಿಗೆ ತಲೆಬುಡ ತಿಳಿಯಲಿಲ್ಲ. ಮಾಸ್ತರರು ಊಟಕ್ಕೆ ಎದ್ದು ಹೋದದ್ದೇ ತಡ, ಮೆಲ್ಲಗೆ ಅವರ ಕುರ್ಚಿಯಲ್ಲಿ ಕೂತು ಕೀಬೋರ್ಡ್ ಸೆಟ್ಟಿಂಗ್ ತೆರೆದು, ತಿರುತಿರುಗಿ ಕೇಳಿಸಿಕೊಂಡಳು. ಒತ್ತಿದ ಅಕ್ಷರ ಹೇಳುವುದು ಬಂದ್. ಪದ ಹೇಳುವುದು ಚಾಲೂ. ಮಾತಿನ ವೇಗವಂತೂ ಕುದುರೆ ಓಟ. ಸಿಕ್ಕಿತು ಗುಟ್ಟು ಅಂದುಕೊಂಡು ಎಲ್ಲವನ್ನೂ ತನ್ನ ಕಂಪ್ಯೂಟರಿನಲ್ಲಿ ಹಾಗೇ ಇಟ್ಟುಕೊಂಡಳು.

ಮಧ್ಯಾಹ್ನ ಮಾಸ್ತರರು ಅಭ್ಯಾಸಕ್ಕೆಂದು ವಾರ್ಷಿಕೋತ್ಸವದ ಸೂಚನೆಯೊಂದನ್ನು ಹೇಳಿ ಬರೆಸಿದರು. ಅವಳ ಬೆರಳು ಓಡಿದ್ದೇ ಓಡಿದ್ದು. ಎಲ್ಲರಿಗಿಂತ ಮೊದಲು ಮುಗಿಸಿ ಬೀಗಿದಳು. ಮಾಸ್ತರರು ಬಂದು ಬಾಣದ ಕೀಲಿ ಒತ್ತುತ್ತ ಒಂದೊಂದೇ ಅಕ್ಷರ ಕೇಳಿಸಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಲ್ಲ ತಂಗಿ, ಅತಿಥಿಗಳು ನಿನಗ ಏನ್ ಮಾಡ್ಯಾರ? 'ಬರಮಾಡಿಕೊಳ್ಳಿ' ಅಂದ್ರ 'ಬರಮಾಡಿ ಕೊಲ್ಲಿ' ಅಂತ ಬರದೀಯಲ್ಲ!"

ಅವಳು ಬಳಸುತ್ತಿದ್ದ ಕೀಬೋರ್ಡಿನಲ್ಲಿ ಲ, ಳ ಎರಡಕ್ಕೂ ಒಂದೇ ಕೀಲಿ. ಜೊತೆಗೆ ಶಿಫ್ಟ್ ಒತ್ತಿದರೆ ಳ, ಮರೆತರೆ ಲ. ಆ ವೇಗದಲ್ಲಿ ಕೊಳ್ಳಿಯೂ ಕೊಲ್ಲಿಯೂ ಅವಳ ಕಿವಿಗೆ ಒಂದೇ ಆಗಿದ್ದವು. ಅವಳಿಗೆ ನಾಚಿಕೆಯಾಯಿತು. ನಾಳೆಯ ಪರೀಕ್ಷೆ ನೆನೆದು ಹೆದರಿಕೆಯೂ ಆಯಿತು.

"ತಪ್ಪಾತ್ರಿ ಸರ. ಕದ್ದು ಕೇಳಿ ನಿಮ್ಮ ಸೆಟ್ಟಿಂಗ್ನ ಹಾಕಿದ್ದೆ. ಮತ್ತ ನಿಮಗ್ಯಾಕ ತಪ್ಪಾಗೂದಿಲ್ಲ?"

"ನಾ ವರ್ಷಗಟ್ಟಲೆ ಅಕ್ಷರ ಕೇಳಿ ಕೇಳಿ, ಸಾಕಾದ ಮ್ಯಾಲೆ ಬಂದ್ ಮಾಡೇನಿ. ನೀ ಕೇಳೂ ಮೊದಲ ಬಂದ್ ಮಾಡೀದಿ."

ಆ ಸಂಜೆ ದಾನೇಶ್ವರಿ ಒಂದೊಂದೇ ಸೆಟ್ಟಿಂಗ್ ಬದಲಿಸಿ, ಅದೇ ವಾಕ್ಯ ಬರೆದು ಬರೆದು ನೋಡಿದಳು. ಅಕ್ಷರ ಚಾಲೂ ಮಾಡಿದಾಗ ತಪ್ಪು ಆ ಕ್ಷಣವೇ ಸಿಕ್ಕಿಬಿತ್ತು. ವೇಗ ಇಳಿಸಿದಾಗ ಲ ಬೇರೆ, ಳ ಬೇರೆಯಾಗಿ ಕೇಳಿಸಿತು. ಬೆರಳನ್ನು ಕೇಳುವುದೆಂದರೆ ಇದೇ ಎಂದು ಆಗ ಹೊಳೆಯಿತು.

ಪರೀಕ್ಷೆಯಲ್ಲಿ ಎಲ್ಲರಿಗಿಂತ ಕೊನೆಗೆ ಎದ್ದವಳು ಅವಳೇ. ಆದರೆ ಅವಳ ಹಾಳೆಯಲ್ಲಿ ಒಂದೂ ತಪ್ಪಿರಲಿಲ್ಲ. ಕೆಲಸ ಅವಳಿಗೇ ಸಿಕ್ಕಿತು. ಆ ವರ್ಷ ವಾರ್ಷಿಕೋತ್ಸವದ ಸೂಚನೆಯನ್ನು ಅವಳೇ ಟೈಪ್ ಮಾಡಿದಳು. ಅತಿಥಿಗಳೆಲ್ಲ ಬಂದು, ಉಂಡು, ಜೀವಂತವಾಗಿ ಮನೆಗೆ ಹೋದರು.

ನೀತಿ: ಗುರುಗಳು ಕಲಿತು ಬಿಟ್ಟದ್ದನ್ನು ನಾವು ಕಲಿಯುವ ಮೊದಲೇ ಬಿಡಬಾರದು.