ಎಲ್ಲೆಕಲ್ಲು ಹೊತ್ತ ಕುದುರೆ

ಬೊಪ್ಪಣ ಹೊಳೆ ದಾಟಿ ಆಶ್ರಮಕ್ಕೆ ಬಂದಾಗ ಗುರುಗಳು ದಡದಲ್ಲಿ ಕೂತು ಕಡಿವಾಣದ ತೊಗಲಿಗೆ ಎಣ್ಣೆ ಉಜ್ಜುತ್ತಿದ್ದರು. ಕಾಡುಕುದುರೆ ಪಳಗಿಸಿ ಏರುವುದನ್ನು ಆ ಸೀಮೆಗೆ ಮೊದಲು ಕಲಿಸಿದವರು ಅವರೇ. ಅವರ ಕೈಯಲ್ಲಿ ಕಲಿತವನು ಬೊಪ್ಪಣ.

ಕಾಲಿಗೆ ಬಿದ್ದವನು ಏಳಲೇ ಇಲ್ಲ.

"ಗುರುಗಳೇ, ನನ್ನ ತಂಗಿ ಜಕ್ಕವ್ವನ ಊರಿಗೆ ಸವಾರರು ನುಗ್ಗಿದರು. ಅವಳ ಗಂಡನನ್ನು ಕಣದಲ್ಲೇ ಕೊಂದು ಜೋಳ ಒಯ್ದರು. ಮುಂದಿನ ಸುಗ್ಗಿಗೆ ಮತ್ತೆ ಬರುತ್ತಾರಂತೆ. ಆಗ ಹೆಣ್ಣುಮಕ್ಕಳನ್ನೂ ಒಯ್ಯುತ್ತಾರಂತೆ. ಆ ಊರಿಗೆ ಸವಾರಿ ಕಲಿಸುತ್ತೇನೆ. ಅಪ್ಪಣೆ ಕೊಡಿ."

"ಬಂದವರು ಯಾರು?"

"ಕೆಳದಂಡೆಯವರು."

"ಅವರಿಗೆ ಕಲಿಸಿದ್ದು ಯಾರು?"

"ನಾನೇ," ಎಂದ ಬೊಪ್ಪಣ. ಮೂರು ವರ್ಷದ ಹಿಂದೆ ಗುಡ್ಡದ ಸವಾರರು ಕೆಳದಂಡೆಯನ್ನು ಸುಟ್ಟಿದ್ದರು. ಬೂದಿಯಲ್ಲಿ ಕೂತ ಹೆಂಗಸರನ್ನು ಕಂಡು ಅವನ ಕರುಳು ಚುರುಕ್ಕೆಂದಿತ್ತು. ಅವನೇ ಹೋಗಿ ಕಲಿಸಿದ್ದ.

"ಸುಮ್ಮನೆ ಕಲಿಸಲಿಲ್ಲ. ನಮ್ಮ ಪದ್ಧತಿಯಂತೆ ಆಣೆ ಹಾಕಿಸಿದೆ. ಊರಿನ ಎಲ್ಲೆಕಲ್ಲು ದಾಟಿ ಕತ್ತಿ ಹಿರಿಯುವುದಿಲ್ಲ ಅಂತ ಒಬ್ಬೊಬ್ಬನೂ ಕುದುರೆಯ ಜೂಲು ಹಿಡಿದು ಹೇಳಿದ."

"ಹೋಗಿ ಕೇಳಿದೆಯಾ?"

"ಕೇಳಿದೆ. ಕೆಳದಂಡೆಯ ಹಿರಿಯನು ಕುದುರೆಯಿಂದ ಇಳಿಯಲೂ ಇಲ್ಲ. ಮೊದಲು ಚಾಪೆ ಹಾಸಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದವನು. ಈಗ ಅವನ ಜೊತೆ ಮಾತಾಡಬೇಕಾದರೆ ಕತ್ತೆತ್ತಿ ನಿಲ್ಲಬೇಕು. ನೆಲದ ಮೇಲೆ ನಡೆಯುವವರೆಲ್ಲ ಅವನ ಕಣ್ಣಿಗೆ ಆಳುಗಳು."

"ಏನೆಂದ?"



"ಆಣೆ ತಪ್ಪಿಲ್ಲ ಅಂದ. ಎಲ್ಲೆಕಲ್ಲನ್ನೇ ಕಿತ್ತು ಕುದುರೆಯ ಮೇಲೆ ಹೇರಿ ತಂದಿದ್ದರಂತೆ. ತಂಗಿಯ ಊರಿನ ಆಚೆ ಬದಿಗೆ ನೆಟ್ಟು, ಆಮೇಲೆ ಕತ್ತಿ ಹಿರಿದರಂತೆ."

ಗುರುಗಳು ನಗಲಿಲ್ಲ, ಬೈಯಲೂ ಇಲ್ಲ.

"ಗುಡ್ಡದವರಿಗೆ ಕಲಿಸಿದ್ದು ನಾನು," ಎಂದರು. "ಉಪ್ಪು ಹೊತ್ತು ಮೂರು ದಿನ ನಡೆಯುತ್ತಿದ್ದರು. ಕಾಲೆಲ್ಲ ಬಿರುಕು. ನೋಡಲಾರದೆ ಕಲಿಸಿದೆ."

ಬೊಪ್ಪಣನಿಗೆ ಇದು ತಿಳಿದಿರಲಿಲ್ಲ. ಗುರುಗಳ ಮುಖ ನೋಡಲು ಅವನಿಗೆ ಭಯವಾಯಿತು.

"ಹಾಗಾದರೆ ನಾನು ಕಲಿಸುವುದಿಲ್ಲ. ಇದು ನನ್ನಲ್ಲಿಗೇ ನಿಲ್ಲಲಿ."

"ಜಕ್ಕವ್ವನಿಗೆ ಮಕ್ಕಳೆಷ್ಟು?"

"ಇಬ್ಬರು ಹೆಣ್ಣುಮಕ್ಕಳು."

ಹಿರಿಯವಳಿಗೆ ಈಗಷ್ಟೇ ಹಾಲುಹಲ್ಲು ಬಿದ್ದಿತ್ತು. ಕಲಿಸದಿದ್ದರೆ ಆ ಮಕ್ಕಳು ಹೋದವು. ಕಲಿಸಿದರೆ? ತಂಗಿಯ ಊರಿನಾಚೆ ಕುಂಬಾರರ ಹಟ್ಟಿಯೊಂದಿತ್ತು. ಅದಕ್ಕೆ ಬೇಲಿ ಕೂಡ ಇರಲಿಲ್ಲ. ಈ ವಿದ್ಯೆ ಕಲಿತ ದಿನವನ್ನು ಅವನು ಮನಸಾರೆ ಶಪಿಸಿದ.

"ಗುರುಗಳೇ, ಆಣೆಗೆ ಇನ್ನೊಂದು ಮಾತು ಸೇರಿಸಲೇ? ಎಲ್ಲೆಕಲ್ಲನ್ನು ಮುಟ್ಟುವುದಿಲ್ಲ ಅಂತ?"

"ಗುಡ್ಡದವರ ಆಣೆಗೆ ಅದನ್ನೂ ಸೇರಿಸಿದ್ದೆ."

"ಆದರೂ ಮುಟ್ಟಿದರೇ?"

"ಇಲ್ಲ. ಸೆರೆಯಾಳುಗಳ ಕೈಯಲ್ಲಿ ಕೀಳಿಸಿದರು."

ಬೊಪ್ಪಣ ಅತ್ತ. ಗುರುಗಳು ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ, ಮರಕ್ಕೆ ಕಟ್ಟಿದ್ದ ಮುದಿ ಕುದುರೆಯನ್ನು ಬಿಚ್ಚಿ ತಂದರು. ಎಣ್ಣೆ ಹಚ್ಚಿದ ಕಡಿವಾಣವನ್ನು ಅದರ ಬಾಯಿಗೆ ತೊಡಿಸಿದರು.

"ಇದು ಸೌಮ್ಯ. ಕಲಿಯುವವರು ಬಿದ್ದರೆ ತುಳಿಯುವುದಿಲ್ಲ," ಎಂದು ಲಗಾಮನ್ನು ಅವನ ಕೈಗೆ ಕೊಟ್ಟರು.

"ಇದು ಅಪ್ಪಣೆಯೇ, ಗುರುಗಳೇ?"

ಗುರುಗಳು ಕುದುರೆಯ ಬೆನ್ನು ತಟ್ಟಿದರು.

"ಎಲ್ಲೆಕಲ್ಲನ್ನು ಆದಷ್ಟು ದೊಡ್ಡದು ನೋಡಿ ನೆಡಿಸು, ಮಗಾ. ಹೊರುವುದಕ್ಕೆ ಸ್ವಲ್ಪ ತಡವಾಗಲಿ."