ಸುತ್ತಿಗೆ ನಿಂತಾಗ

"ಗುರುಗಳೇ, ಕಾಲು ನಿಲ್ಲದ ಮಗುವನ್ನು ಒಂದು ಗಳಿಗೆಯಾದರೂ ಕೂರಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಮಠದ ಶಿಶುವಿಹಾರವನ್ನು ಅವನು ನೋಡಿಕೊಳ್ಳುತ್ತಿದ್ದ. ಮಠದ ತೋಪಿನಲ್ಲಿ ಬೀಡುಬಿಟ್ಟಿದ್ದ ಅಲೆಮಾರಿಗಳಿಗೆ ದಿನ ಬಿಟ್ಟು ದಿನ ಹೋಗಿ "ಜಾಗ ಖಾಲಿ ಮಾಡಿ" ಎಂದು ಹೇಳಿಬರುವ ಕೆಲಸವೂ ಅವನದೇ. ಆ ಗುಡಾರದ ಕೂಸೊಂದು ಶಿಶುವಿಹಾರಕ್ಕೆ ಬರುತ್ತಿತ್ತು, ಬಂದಷ್ಟೇ ಸಲ ಎದ್ದು ಓಡುತ್ತಿತ್ತು.

"ನಾಳೆಯಿಂದ ಬರಬೇಡ ಎಂದುಬಿಡಲೇ? ಉಳಿದ ಮಕ್ಕಳೂ ಕೆಡುತ್ತವೆ."

ಗುರುಗಳು ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಎಲ್ಲವನ್ನೂ ಅವಳ ತಲೆಗೇ ಕಟ್ಟಬೇಡ. ಊರಾಚೆಯ ಬಯಲಿಗೆ ಅಲೆಮಾರಿ ಕಮ್ಮಾರರು ಬಂದು ಬಂಡಿ ಬಿಟ್ಟರು. ಶಿಕ್ಷಕಿ ತಾನೇ ಹೋಗಿ, ಅವರ ನಾಲ್ಕು ವರ್ಷದ ಹುಡುಗಿ ಚಂಪಿಯನ್ನು ಬಾಲವಾಡಿಗೆ ಕರೆತಂದಳು. ಮುಂದಿನ ಸಾಲಿನಲ್ಲಿ ಚಾಪೆ ಹಾಸಿದಳು. ಎಲ್ಲರಿಗೂ ಕೊಟ್ಟಂತೆ ಬೇಯಿಸಿದ ಮೊಟ್ಟೆ ಕೊಟ್ಟಳು. ಮಗು ಮೊಟ್ಟೆಯನ್ನು ಮುಷ್ಟಿಯಲ್ಲೇ ಹಿಡಿದು ಬಾಗಿಲಿಗೆ ಓಡಿತು. ಕಿವಿಗೊಟ್ಟು ನಿಂತಿತು. ಬಂದು ಕೂತಿತು. ಮತ್ತೆ ಎದ್ದಿತು. ಹೀಗೇ ಮಧ್ಯಾಹ್ನವಾಯಿತು.

ಮೂರನೆಯ ದಿನ ಶಿಕ್ಷಕಿ ಬಾಗಿಲಿಗೆ ಚಿಲಕ ಹಾಕಿದಳು. ಮಗು ಹಲಗೆಯನ್ನು ಉಗುರಿನಿಂದ ಕೆರೆಯಿತು. ಮೊಟ್ಟೆ ತಿನ್ನಲಿಲ್ಲ. ಊರಿನ ತಾಯಂದಿರು ನಕ್ಕರು. "ಬಂಡಿಯಲ್ಲಿ ಹುಟ್ಟಿದ್ದು ಚಾಪೆಯ ಮೇಲೆ ಕೂರುತ್ತದೆಯೇ, ಅಕ್ಕೋರೆ? ಅದರ ಕಾಲಿಗೇ ಚಕ್ರ ಇದೆ."

ಇನ್ನು ಕಳಿಸಬೇಡಿ ಎಂದು ಹೇಳಲು ಶಿಕ್ಷಕಿ ಬಯಲಿಗೆ ಹೋದಳು. ಅಲ್ಲಿ ಚಂಪಿಯ ಅಪ್ಪ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದಿದ್ದ. ಹೆಂಡತಿ ದೊಡ್ಡ ಸುತ್ತಿಗೆ ಎತ್ತಿ ಹೊಡೆಯುತ್ತಿದ್ದಳು. ಅವರಲ್ಲಿ ಸುತ್ತಿಗೆ ಹೆಂಗಸರ ಕೈಯದು. ಪಕ್ಕದಲ್ಲಿ ಚಂಪಿ ಮಣ್ಣಿನ ಒಲೆ ಮಾಡುತ್ತಾ ಕೂತಿದ್ದಳು. ತಲೆ ಸಹ ಎತ್ತಲಿಲ್ಲ. ಇದೇ ಮಗುವೇ ಅದು ಎಂದು ಶಿಕ್ಷಕಿ ನೋಡಿಯೇ ನೋಡಿದಳು.

ಹೆಂಡತಿ ನೀರು ಕುಡಿಯಲು ಸುತ್ತಿಗೆ ಕೆಳಗಿಟ್ಟಳು. ಅಲ್ಲಿದ್ದ ಮಕ್ಕಳೆಲ್ಲ ಕೈಯಲ್ಲಿದ್ದದ್ದನ್ನು ಬಿಸಾಡಿ, ಓಡಿಹೋಗಿ ಬಂಡಿ ಹತ್ತಿ ಕುಳಿತವು.

"ಇಳೀರಿ, ಇಳೀರಿ, ನೀರು ಕುಡಿದೆ ಅಷ್ಟೇ" ಎಂದು ಅವಳು ನಕ್ಕಳು. ಶಿಕ್ಷಕಿಗೆ ಹೇಳಿದಳು: "ಸುತ್ತಿಗೆ ನಿಂತರೆ ಬಂಡಿ ಹತ್ತಬೇಕು, ಅಕ್ಕೋರೆ. ನಡೆಯಲು ಬರುವ ಮೊದಲೇ ಕಲಿಸುತ್ತೇವೆ. ಯಾವ ಊರಿನವರು ಯಾವ ಹೊತ್ತಿಗೆ ಬಂದು ಏಳಿ ಅನ್ನುತ್ತಾರೋ. ಆಗ ಮಕ್ಕಳನ್ನು ಹುಡುಕುತ್ತಾ ತಿರುಗಲು ಬಿಡುತ್ತಾರೆಯೇ? ನಿಮ್ಮಲ್ಲಿ ಬಾಗಿಲು ಹಾಕಿದರೆ ಸುತ್ತಿಗೆ ಕೇಳಿಸುವುದಿಲ್ಲವಂತೆ. ಚಂಪಿ ರಾತ್ರಿಯೆಲ್ಲ ಅದನ್ನೇ ಹೇಳುತ್ತಾಳೆ."

ಶಿಕ್ಷಕಿ ಹೇಳಲು ಬಂದ ಮಾತನ್ನು ಆಡದೆ ಹಿಂತಿರುಗಿದಳು. ಮರುದಿನ ಚಾಪೆಗಳನ್ನು ಹೊತ್ತು, ಇಪ್ಪತ್ತು ಮಕ್ಕಳನ್ನೂ ಕರೆದುಕೊಂಡು, ಬಯಲಿನ ಹೊಂಗೆಮರದ ಕೆಳಗೆ ಕೂರಿಸಿದಳು. ಸುತ್ತಿಗೆ ಕೇಳುತ್ತಲೇ ಇತ್ತು. ಚಂಪಿ ಕೂತಳು. ಅಂದು ಮೊಟ್ಟೆ ಹೊಟ್ಟೆಗೆ ಹೋಯಿತು.

ಆದರೆ ಮಕ್ಕಳು ಮಕ್ಕಳಿಂದ ಕಲಿಯುವಷ್ಟು ಬೇಗ ನಮ್ಮಿಂದ ಕಲಿಯುತ್ತವೆಯೇ? ಹತ್ತು ದಿನದಲ್ಲಿ, ಸುತ್ತಿಗೆ ನಿಂತರೆ ಇಪ್ಪತ್ತೊಂದು ಮಕ್ಕಳೂ ಹಾಡನ್ನು ಅರ್ಧಕ್ಕೆ ಬಿಟ್ಟು ಬಂಡಿಗೆ ಓಡತೊಡಗಿದವು. ಒಂದನ್ನು ಕೂರಿಸಲು ಹೋಗಿ ಎಲ್ಲವನ್ನೂ ಎಬ್ಬಿಸಿದೆನಲ್ಲ ಎಂದು ಶಿಕ್ಷಕಿ ಚಡಪಡಿಸಿದಳು.

ಸುದ್ದಿ ಊರಿಗೆ ಮುಟ್ಟಿತು. ಊರಗೌಡ ನಾಲ್ಕು ಜನರನ್ನು ಕಟ್ಟಿಕೊಂಡು ಬಯಲಿಗೆ ಬಂದ. "ನಮ್ಮ ಮಕ್ಕಳು ಹಾಳಾದವು. ಈಗಲೇ ಗಂಟುಮೂಟೆ ಕಟ್ಟಿ" ಎಂದ.

ಕಮ್ಮಾರನ ಹೆಂಡತಿ ಸುತ್ತಿಗೆ ಕೆಳಗಿಟ್ಟಳು. ಮರದ ಕೆಳಗಿದ್ದ ಮಕ್ಕಳೆಲ್ಲ ಓಡಿ ಬಂಡಿ ತುಂಬಿದವು. ಗೌಡನ ಮೊಮ್ಮಗಳು ಎಲ್ಲರಿಗಿಂತ ಮುಂದೆ, ಚಂಪಿಯ ಕೈ ಹಿಡಿದು ಕೂತಿದ್ದಳು.

"ಇಳಿಯೇ ತಾಯಿ" ಎಂದು ಗೌಡ ಅವಳನ್ನು ಎತ್ತಿ ಕೆಳಗಿಳಿಸಿದ. ಅವಳು ಮತ್ತೆ ಹತ್ತಿದಳು.

"ಸುತ್ತಿಗೆ ನಿಂತಿದೆ ತಾತ. ನೀನೂ ಬೇಗ ಹತ್ತು, ಬಿಟ್ಟುಹೋಗುತ್ತಾರೆ."

ಗೌಡ ಮೊಮ್ಮಗಳನ್ನು ಬಂಡಿಯಲ್ಲೇ ಬಿಟ್ಟ. ಆಮೇಲೆ ಹೋಗಿ, ನೆಲದ ಮೇಲಿದ್ದ ಸುತ್ತಿಗೆಯನ್ನು ಎತ್ತಿ ಆ ಹೆಂಗಸಿನ ಕೈಗೆ ಕೊಟ್ಟ. "ಹೊಡೆಯಮ್ಮ" ಎಂದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ನಾನೂ ಬಾಗಿಲು ತೆರೆದಿಡುತ್ತೇನೆ. ಆಗ ಮಗು ಕೂರುತ್ತದೆ, ಅಲ್ಲವೇ?"

"ಮಗುವನ್ನು ಕೂರಿಸುವುದು ಹೇಗೆ ಎಂದು ಎರಡು ಸಲ ಕೇಳಿದೆ, ಅದನ್ನು ಎಬ್ಬಿಸುತ್ತಿರುವವರು ಯಾರು ಎಂದು ಒಮ್ಮೆಯೂ ಕೇಳಲಿಲ್ಲ" ಎಂದರು ಗುರುಗಳು.