ಜೊತೆಗಾರನ ಆರೋಗ್ಯ

"ಬುದ್ಧಿ, ದೂರದ ದಾರಿ ನಡೆಯುವವನು ಮೈ ಕೆಡದಂತೆ ಇರುವುದು ಹೇಗೆ?"

ಪಾದಯಾತ್ರೆಯ ನಡುವೆ, ತಂಗಿದ್ದ ಮಠದ ಜಗಲಿಯಲ್ಲಿ, ಶಿಷ್ಯ ಗುರುಪಾದ ಹೀಗೆ ಕೇಳಿದ. ಕೇಳಿದವನು ಅಲ್ಲಿಗೇ ನಿಲ್ಲಿಸಲಿಲ್ಲ. "ಮಡಿವಾಳಯ್ಯನೂ ನಾನೂ ಒಟ್ಟಿಗೇ ಹೊರಟೆವು. ನನಗೆ ಕಾಲೆಲ್ಲ ಬೊಬ್ಬೆ, ಹೊಟ್ಟೆ ನೆಟ್ಟಗಿಲ್ಲ. ಅವನು ಒಮ್ಮೆ ಸೀನಿದ್ದನ್ನೂ ನಾನು ಕಾಣೆ. ಅವನಲ್ಲಿ ಇರುವುದೇನು, ನನ್ನಲ್ಲಿ ಇಲ್ಲದ್ದೇನು?"

ಗುರುಗಳು ಹೇಳಿದರು:

ಒಬ್ಬ ಜವಳಿ ವ್ಯಾಪಾರಿ ಇದ್ದ. ಊರಿನಲ್ಲಿ ಅವನ ಮೈಕಟ್ಟಿಗೆ ಹೆಸರು. ಒಮ್ಮೆ ಅವನು ಬಳೆ ವ್ಯಾಪಾರಿಯೊಬ್ಬನ ಜೊತೆಗೂಡಿ, ಎತ್ತುಗಳ ಮೇಲೆ ಸರಕು ಹೇರಿಕೊಂಡು ಘಟ್ಟದಾಚೆಯ ಸಂತೆಗೆ ಹೊರಟ. ಬಳೆ ವ್ಯಾಪಾರಿ ನರಪೇತಲ. ಇವನನ್ನೂ ನಾನೇ ಹೊರಬೇಕಾದೀತು ಎಂದು ಜವಳಿ ವ್ಯಾಪಾರಿ ಒಳಗೊಳಗೇ ನಕ್ಕ.

ಹಾಗಾಗಲಿಲ್ಲ. ಬಳೆ ವ್ಯಾಪಾರಿ ನೀರನ್ನು ಕಾಯಿಸಿ ಆರಿಸಿ ಕುಡಿದ. ಇನ್ನೂ ಎರಡು ತುತ್ತು ಸೇರುವಂತಿರುವಾಗಲೇ ಎಲೆಯಿಂದ ಎದ್ದ. ಬಿಸಿಲೇರಿದರೆ ಮರದಡಿ ಕೂತ, ತಂಪಾದ ಮೇಲೆ ನಡೆದ. ದಿನ ಹೋದಂತೆ ಅವನ ಮುಖಕ್ಕೆ ಕಳೆ ಬಂತು. ಛತ್ರದ ಮುದುಕಿಯೊಬ್ಬಳು ಅವನನ್ನು ನೋಡಿ, "ಎಷ್ಟು ಗೆಲುವಾಗಿದ್ದೀಯಪ್ಪ!" ಎಂದಳು. ಜವಳಿ ವ್ಯಾಪಾರಿಯ ಕಡೆ ತಿರುಗಿಯೂ ನೋಡಲಿಲ್ಲ.

ಅಂದಿನಿಂದ ಜವಳಿ ವ್ಯಾಪಾರಿ ದಾರಿ ನೋಡುವುದನ್ನು ಬಿಟ್ಟು ಜೊತೆಗಾರನನ್ನೇ ನೋಡಿದ. ಅವನು ನೀರು ಕಾಯಿಸಿದರೆ, ನಾನೇನು ಬಾಣಂತಿಯೇ ಎಂದು ಇವನು ಕೆರೆಯ ನೀರನ್ನೇ ಬೊಗಸೆಯಲ್ಲಿ ಕುಡಿದ. ಅವನು ನೆರಳಿಗೆ ಕೂತರೆ ಇವನು ಬಿಸಿಲಿನಲ್ಲಿ ನಡೆದ. ಅವನು ಮಲಗಿ ಗೊರಕೆ ಹೊಡೆದರೆ, ಆ ಗೊರಕೆ ಕೇಳುತ್ತ ಇವನು ಹೊರಳಾಡಿದ. ಕಾಲು ಊದಿಕೊಂಡಿತು. ಅದು ಬಳೆ ವ್ಯಾಪಾರಿಯ ಕಣ್ಣಿಗೆ ಬಿತ್ತು.

"ಅಣ್ಣಾ, ಒಂದು ದಿನ ಇಲ್ಲೇ ತಂಗೋಣ. ಸಂತೆ ಎಲ್ಲಿಗೂ ಓಡಿಹೋಗುವುದಿಲ್ಲ."

"ದಣಿವಾಗಿದ್ದರೆ ನೀನು ತಂಗು," ಎಂದ ಜವಳಿ ವ್ಯಾಪಾರಿ.

ಘಟ್ಟದ ನಡುವೆ ಅವನು ಕುಸಿದ. ವಾಂತಿ, ಚಳಿಜ್ವರ. ಬಳೆ ವ್ಯಾಪಾರಿ ತನ್ನ ಎತ್ತಿನ ಮೇಲಿನ ಮೂಟೆಯನ್ನು ಇಳಿಸಿ ತಲೆಯ ಮೇಲೆ ಹೊತ್ತು, ಅವನನ್ನು ಎತ್ತಿನ ಮೇಲೆ ಕೂರಿಸಿ ಕೆಳಗಿನ ಹಳ್ಳಿಗೆ ತಂದ. ಹೊತ್ತುಹೊತ್ತಿಗೆ ಗಂಜಿ ಕುಡಿಸಿದ. ಸಂತೆ ಕಳೆದುಹೋಯಿತು. ಕುಡಿಸುವ ಆ ಕೈ ಒಮ್ಮೆಯೂ ನಡುಗಲಿಲ್ಲ. ಜವಳಿ ವ್ಯಾಪಾರಿ ಜ್ವರವನ್ನಾದರೂ ಸಹಿಸಿದ, ಆ ಕೈಯ ಗಟ್ಟಿತನವನ್ನು ಸಹಿಸಲಾರದೆ ಹೋದ.

ಅವನು ಎದ್ದು ಕೂರುವ ಹೊತ್ತಿಗೆ ಬಳೆ ವ್ಯಾಪಾರಿ ಹಾಸಿಗೆ ಹಿಡಿದ. ಜವಳಿ ವ್ಯಾಪಾರಿ ಅವನ ಹಣೆ ಮುಟ್ಟಿದ. ಸುಡುತ್ತಿತ್ತು. ಆ ಮಧ್ಯಾಹ್ನ ಜವಳಿ ವ್ಯಾಪಾರಿಗೆ ಎಂದಿಲ್ಲದ ಹಸಿವಾಯಿತು. ಎರಡೆರಡು ಸಲ ಬಡಿಸಿಕೊಂಡು ಉಂಡ. ಬರಿಯ ಅನ್ನ ಸಾರು ಇಷ್ಟು ರುಚಿ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಜ್ವರದವನು ಕಣ್ಣು ತೆರೆದು, "ಅಣ್ಣಾ, ಊಟ ಸೇರಿತೇ?" ಎಂದು ಕೇಳಿದ.

"ಸೇರಿತು."

"ಸದ್ಯ, ಗುಣವಾದೆಯಲ್ಲ," ಎಂದು ನೆಮ್ಮದಿಯಿಂದ ಮತ್ತೆ ಕಣ್ಣು ಮುಚ್ಚಿದ.

ಕೈ ತೊಳೆಯಲು ಹೊರಗೆ ಹೋದ ಜವಳಿ ವ್ಯಾಪಾರಿ ಬಹಳ ಹೊತ್ತು ಒಳಗೆ ಬರಲಿಲ್ಲ. ಬಂದವನು ಒದ್ದೆ ಬಟ್ಟೆ ಹಿಂಡಿ ಅವನ ಹಣೆಯ ಮೇಲಿಟ್ಟ. ಜ್ವರ ಬಿಡುವವರೆಗೂ ಅಲ್ಲಿಂದ ಏಳಲಿಲ್ಲ. ಬಳೆ ವ್ಯಾಪಾರಿ ಬದುಕಿದ. ಆದರೆ ಆ ಮಧ್ಯಾಹ್ನದ ಊಟ ಜವಳಿ ವ್ಯಾಪಾರಿಗೆ ಸಾಯುವತನಕ ಅರಗಲಿಲ್ಲ.

ಗುರುಗಳು ಅಲ್ಲಿಗೆ ಕಥೆ ಮುಗಿಸಿದರು. ತನ್ನ ಪ್ರಶ್ನೆಗೆ ಉತ್ತರ ಇನ್ನೂ ಬರಲಿಲ್ಲವೆಂದು ಗುರುಪಾದ ಕಾದು ಕೂತ.

"ಮಡಿವಾಳಯ್ಯ ಬೆಳಗಿನಿಂದ ಒಳಗೆ ಜ್ವರ ಬಂದು ಮಲಗಿದ್ದಾನೆ," ಎಂದರು ಗುರುಗಳು, "ಇದನ್ನು ಕೇಳಿದ ಕೂಡಲೇ ನಿನ್ನೊಳಗೆ ಮೊದಲು ಎದ್ದದ್ದು ಏನು, ಹೇಳು."

ಗುರುಪಾದ ಎದ್ದು, ಒದ್ದೆ ಬಟ್ಟೆ ಹಿಂಡಿಕೊಂಡು ಮಡಿವಾಳಯ್ಯನ ಬಳಿಗೆ ಹೋದ.